ಹತ್ತರವರೆಗೆ

ಅಪ್ಪನಿಗೆ ನಮಸ್ಕಾರ,

ಸಮಾಜಕಾರ್ಯ ಓದುವವರಿಗೆ ಬರಲೇಬೇಕಾದ ವಿದ್ಯೆಗಳ ಪಟ್ಟಿಯೊಂದನ್ನು ಕಾಲೇಜಿನಲ್ಲಿ ಕೊಟ್ಟಿದ್ದಾರೆ. ನಾನು ಒಂದರಲ್ಲಿ ಮಾತ್ರ ಮುಗ್ಗರಿಸಿದೆ. ಅಭ್ಯಾಸಕ್ಕೆಂದು ಮೇಡಂ, ಮನೆಯವರನ್ನು ಕಳೆದುಕೊಂಡವರಂತೆ ನನ್ನೆದುರು ಕೂತಿದ್ದರು. ನಾನು "ಹೇಗಿದ್ದೀರಾ? ಚೆನ್ನಾಗಿದ್ದೀರಲ್ಲ? ಸರಿ ಹಾಗಾದ್ರೆ" ಎಂದು ಒಂದೇ ಉಸಿರಿಗೆ ಹೇಳಿ ಎದ್ದುಬಿಟ್ಟೆ.

"ಪ್ರಶ್ನೆನೂ ನಿಂದೇ, ಉತ್ತರಾನೂ ನಿಂದೇ. ಇನ್ನು ನಾನ್ಯಾಕಮ್ಮಾ ಬೇಕು?" ಎಂದರು. ತರಗತಿಯೆಲ್ಲ ನಕ್ಕಿತು. ನನಗೆ ನಿಮ್ಮ ಭಾನುವಾರದ ಫೋನ್ ನೆನಪಾಯಿತು: "ಚೆನ್ನಾಗಿದ್ದೀಯಲ್ಲ? ಸರಿ, ಇಡ್ಲಾ?" ನೀವು ಇಟ್ಟ ಮೇಲೂ ನಾನು ಹಾಸ್ಟೆಲ್ ಮೆಟ್ಟಿಲ ಮೇಲೆ ಫೋನನ್ನು ಕಿವಿಗೆ ಹಿಡಿದೇ ಕೂತಿರುತ್ತೇನೆ.

ಪ್ರಶ್ನೆ ಕೇಳಿದ ಮೇಲೆ ಬಾಯಿ ಬಿಡದೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕಂತೆ. ಈ ಭಾನುವಾರ ನೀವೂ ಎಣಿಸಿ ನೋಡಿ. ಏಳೆಂಟು ಅನ್ನುವಷ್ಟರಲ್ಲಿ ನಾನು ಬಾಯಿ ಬಿಟ್ಟೇನು.

ಆಮೇಲೆ ನನ್ನ ಸರದಿ. ಅಮ್ಮ ಹೋದ ಮೇಲೆ ನೀವು ಹೇಗಿದ್ದೀರಿ ಎಂದು ನಾನು ಒಮ್ಮೆಯೂ ಕೇಳಿಲ್ಲ. ಈಗ ಕೇಳುತ್ತೇನೆ. ಎಷ್ಟು ಹೊತ್ತು ಸುಮ್ಮನಿದ್ದರೂ ಪರವಾಗಿಲ್ಲ, ಫೋನ್ ಮಾತ್ರ ಇಡಬೇಡಿ. ನಾನು ಎಣಿಸುವುದಿಲ್ಲ.

ನಿಮ್ಮ
ಚಿನಕುರುಳಿ