ಡಿಕ್ಕಿಯಲ್ಲಿ ಸಿಕ್ಕ ಪೊಟ್ಟಣ

ಜೂನ್ ೧೧, ಬುಧವಾರ. ಆಂಟಾಪ್ ಹಿಲ್.

ನಮ್ಮ ಯಜಮಾನರು ಇನ್ನೂ ಲಾಕಪ್‌ನಲ್ಲೇ ಇದ್ದಾರೆ. ಇವರ ಸ್ಕೂಟರಿನ ಡಿಕ್ಕಿಯಲ್ಲಿ ಪೊಲೀಸರಿಗೆ ಗಾಂಜಾ ಪೊಟ್ಟಣ ಸಿಕ್ಕಿದೆ. ಬೀಡಿಯನ್ನೂ ಮುಟ್ಟದ ಮನುಷ್ಯ.

ಸಯನ್‌ನ ವಕೀಲೆ ಸೌಮ್ಯಾ ಬಿಡಿಸಿ ಹೇಳಿದರು: "ಮಾಲು ಕಡಿಮಿ ಐತಿ, ಜಾಮೀನು ಸಿಗತೈತಿ. ಆದ್ರ ಗಾಡಿ ಅವರದು, ಕೀಲಿನೂ ಅವರ ಕಡೇನ ಇತ್ತು. ಒಳಗ ಏನೈತಿ ಗೊತ್ತಿರಲಿಲ್ಲ ಅಂತ ಅವರ ತೋರಿಸಬೇಕ್ರಿ."

ಪೊಲೀಸರು ಹಿಡಿಯುವ ಹಿಂದಿನ ದಿನ ಗಾಡಿ ಒಯ್ದವನು ಮೈದುನ ಯಲ್ಲಾಲಿಂಗ. ಸಂಜೆ ಅವನನ್ನೇ ಕೇಳಿದೆ.

"ನಂದ ಅದು, ವೈನಿ," ಎಂದು ಅತ್ತ.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಇಂವ ಸಣ್ಣಾಂವ. ದೊಡ್ಡಾಂವ ತಡಕೋತಾನ, ಸುಮ್ನಿರವ್ವ."

ಆ ದೊಡ್ಡವನು ನನ್ನ ಗಂಡ. ಬೆಳಗಾದರೆ ವಕೀಲೆಗೆ ಎಲ್ಲವನ್ನೂ ಹೇಳುತ್ತೇನೆ. ಅತ್ತೆ ಇನ್ನೂ ಬಾಗಿಲಾಚೆ ಅಳುತ್ತಿದ್ದಾರೆ. ಈಗ ಎದ್ದು ಹೋದರೆ ಮನಸ್ಸು ಕರಗಿಬಿಡುತ್ತದೆ, ಅದಕ್ಕೇ ಚಿಲಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.