ದಿಂಬೂ ನೀಲಿ

ಭಾನುವಾರ, ಸಂಜೆ

ಅಕ್ಕಾ,

ಮೊದಲು ಒಂದು ಲೋಟ ನೀರು ಕುಡಿ. ಮಗು ಚೆನ್ನಾಗಿದೆ. ಫೋನಿನಲ್ಲಿ ಎಷ್ಟು ಹೇಳಿದರೂ ನೀನು ನಂಬಲಿಲ್ಲ, ಅದಕ್ಕೇ ಪ್ರಿಂಟ್ ಹಾಕಿಸಿದ ಫೋಟೋ ಜೊತೆಗೆ ಈ ಪತ್ರ. ಕೆನ್ನೆ ನೋಡು, ಟೊಮೆಟೊ!

ನಿನ್ನೆ ಬೆಳಿಗ್ಗೆ ಕಳಿಸಿದ ಫೋಟೋದಲ್ಲಿ ಅವಳ ತುಟಿ, ಉಗುರು ಎಲ್ಲ ನೀಲಿಯಾಗಿತ್ತು. ಹಸುಗೂಸುಗಳ ವಾರ್ಡಿನ ನರ್ಸ್ ನೀನು, ಸುಮ್ಮನಿರುತ್ತೀಯಾ? ಈಗಲೇ ಆಸ್ಪತ್ರೆಗೆ ಓಡು ಎಂದು ಕಿರುಚಿದೆ. ನನ್ನ ಮೊದಲ ಮಗ ಇದೇ ಬಣ್ಣಕ್ಕೆ ತಿರುಗಿ ನಮ್ಮ ಕೈಬಿಟ್ಟದ್ದು ಇಬ್ಬರಿಗೂ ಮರೆತಿಲ್ಲ. ಅವನದೊಂದು ಫೋಟೋ ಕೂಡ ಉಳಿಯಲಿಲ್ಲವೆಂದೇ ಅಲ್ಲವೇ ನೀನು ನಿನ್ನ ಕ್ಯಾಮೆರಾ ಕೊಟ್ಟದ್ದು? ಮಡಿಲಲ್ಲಿ ಮಗು ಕಾಲು ಬಡಿಯುತ್ತಿದ್ದರೂ ನಾನು ಕ್ಯಾಮೆರಾದ ಪರದೆಯನ್ನೇ ನಂಬಿದೆ. ಇವರಂತೂ ಅಂಗಿಯನ್ನು ತಿರುವುಮುರುವಾಗಿ ಹಾಕಿಕೊಂಡೇ ಬಂದರು.

ವೈದ್ಯರು ಮಗುವಿನ ಎದೆಬಡಿತ, ಉಸಿರು ಎಲ್ಲ ನೋಡಿ ಏನೂ ತೊಂದರೆ ಇಲ್ಲವಲ್ಲ ಎಂದರು. ನಾನು ಬಿಡದೆ ಕ್ಯಾಮೆರಾವನ್ನು ಮುಖದ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, 'ಹಾಗಾದ್ರೆ ಈ ದಿಂಬನ್ನೂ ಅಡ್ಮಿಟ್ ಮಾಡ್ಬೇಕಲ್ಲಮ್ಮಾ, ಅದೂ ನೀಲಿಯಾಗಿದೆ' ಎಂದರು. ನೋಡಿದರೆ ಫೋಟೋದಲ್ಲಿ ದಿಂಬು, ಗೋಡೆ, ಹಿಂದೆ ನಿಂತಿದ್ದ ಇವರ ಬಿಳಿ ಬನಿಯನ್, ಎಲ್ಲವೂ ನೀಲಿ! ಅಲ್ಲೇ ಕುಳಿತು ಗಳಗಳನೆ ಅತ್ತುಬಿಟ್ಟೆ. ನಗು ಬಂದದ್ದು ಆಮೇಲೆ.

ನೀನು ಹೇಳಿಕೊಟ್ಟದ್ದೆಲ್ಲ ನೆನಪಿತ್ತು ಮಾರಾಯ್ತಿ. ಮಬ್ಬು ಕೋಣೆಯಲ್ಲಿ ಐಎಸ್‌ಒ ಏರಿಸು, ಕೈಕಾಲು ಆಡಿಸುವ ಮಗುವಿಗೆ ಶಟರ್ ವೇಗ ಹೆಚ್ಚಿಸು, ಮುಖಕ್ಕೆ ಫ್ಲ್ಯಾಶ್ ಬೇಡ. ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ಆ ವೈಟ್ ಬ್ಯಾಲೆನ್ಸ್ ಒಂದು ತಲೆಗೆ ಹತ್ತಿರಲಿಲ್ಲ. ಹಿಂದಿನ ಸಂಜೆ ಬಲ್ಬಿನ ಬೆಳಕಿಗೆ ಅವಳು ಹಳದಿಯಾಗಿ ಕಂಡಳೆಂದು ಬಲ್ಬಿನ ಗುರುತಿಗೆ ತಿರುಗಿಸಿದ್ದೆ, ಸರಿಹೋಯಿತು. ಬೆಳಿಗ್ಗೆ ಕಿಟಕಿಯ ಪಕ್ಕ ಮಲಗಿಸಿ ತೆಗೆಯುವಾಗ ಅದನ್ನು ಬದಲಿಸಲೇ ಇಲ್ಲ. ಬಲ್ಬಿನ ಹಳದಿ ಕಳೆಯಲೆಂದು ಕ್ಯಾಮೆರಾ ಬೆರೆಸುತ್ತಿದ್ದ ನೀಲಿಯೆಲ್ಲ ಮಗುವಿನ ಮೇಲೆ ಬಿತ್ತು. ಇವತ್ತು ಸೂರ್ಯನ ಗುರುತಿಗೆ ತಿರುಗಿಸಿ, ಅದೇ ಜಾಗದಲ್ಲಿ ತೆಗೆದೆ. ಅದೇ ನಿನ್ನ ಕೈಯಲ್ಲಿರುವುದು.

ರಾತ್ರಿ ಹಾಯಾಗಿ ನಿದ್ದೆ ಮಾಡಿದೆ, ಎಷ್ಟೋ ದಿನಗಳ ಮೇಲೆ. ನೀನೂ ಗಾಬರಿಯಲ್ಲಿ ಕಟ್ಟಿದ ಬ್ಯಾಗ್ ಬಿಚ್ಚಿಬಿಡು. ಬೇಡ, ಬಿಚ್ಚಬೇಡ, ಸುಮ್ಮನೆ ಬಂದುಬಿಡು.

ಎದೆಯ ಭಾರ ಇಳಿಸಿಕೊಂಡ
ನಿನ್ನ ತಂಗಿ

ಮರೆತಿದ್ದೆ: ಒಳ್ಳೆಯ ಹೆಸರು ಸಿಕ್ಕಿಲ್ಲ ಎಂದು ನಿನಗೆ ಹೇಳುತ್ತಿದ್ದದ್ದು ಸುಳ್ಳು. ಇವಳೂ ಉಳಿಯುತ್ತಾಳೋ ಇಲ್ಲವೋ ಎಂಬ ಭಯಕ್ಕೆ ಹೆಸರೇ ಇಟ್ಟಿರಲಿಲ್ಲ. ನಿನ್ನೆ ಹೊರಡುವಾಗ ವೈದ್ಯರು ಪಾಪುವಿನ ಹೆಸರೇನೆಂದು ಕೇಳಿದರು, ನಿನ್ನ ಹೆಸರೇ ಬಾಯಿಗೆ ಬಂತು. ಇನ್ನು ಮೇಲೆ ಅವಳನ್ನು ಗದರಿದಾಗಲೆಲ್ಲ ನಿನಗೆ ಬಿಕ್ಕಳಿಕೆ ಬಂದೀತು, ಸಹಿಸಿಕೋ.