ಮೊದಲ ವೀಳ್ಯ

ಕೃಷ್ಣರಾಜಪುರ
೧೪ನೇ ಮೇ ೧೯೪೮

ಯಜಮಾನರ ಪಾದಗಳಿಗೆ ಆದಿಲಕ್ಷ್ಮಿಯ ನಮಸ್ಕಾರ. ನಾನು ಅಣ್ಣನ ಮನೆಯಲ್ಲಿ ಕ್ಷೇಮ. ಈ ಕಾಗದ ಓದಿ ಮುಗಿಸುವವರೆಗಾದರೂ ನೀವು ಕ್ಷೇಮವಾಗಿರಿ.

ಸಂಸ್ಥಾನದ ಸಂವಿಧಾನ ಸಭೆಯಲ್ಲಿ ನೀವು ತಂದ ತಿದ್ದುಪಡಿ ಪತ್ರಿಕೆಯಲ್ಲಿ ಬಂದಿದೆ. ಎಂಥ ಅಧಿಕಾರಿಯನ್ನೇ ಆಗಲಿ, ಆರೋಪವನ್ನು ಮುಖದೆದುರು ಹೇಳದೆ, ಅವನ ಮಾತು ಕೇಳದೆ ಪದವಿಯಿಂದ ಇಳಿಸಕೂಡದಂತೆ. ಅಬ್ಬಬ್ಬಾ, ಎಂಥ ನ್ಯಾಯ! ಓದಿ ಹೇಳಿದರೆ ಗೆಳತಿ ಖುರ್ಷೀದಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ರಸಲ್ ಮಾರ್ಕೆಟ್ ಹಿಂದಿನ ಆ ಖುರ್ಷೀದಾಳ ಮನೆಯಲ್ಲಿ ಉಂಡೆನೆಂದು ತಾನೇ ನನ್ನನ್ನು ಕುಲದಿಂದ ಹೊರಗಿಟ್ಟಿದ್ದು? ಹಲಸೂರಿನ ಕಟ್ಟೆಮನೆಯಲ್ಲಿ ಕುಲದ ಪಂಚಾಯಿತಿಗೆ ನೀವೇ ಯಜಮಾನರು, ಮೊದಲ ವೀಳ್ಯದ ಗೌರವ ನಿಮ್ಮದೇ. ಉಂಡೆಯಾ ಎಂದು ಒಂದು ಮಾತು ಕೇಳಲಿಲ್ಲ. ದೊಡ್ಡ ಮಗಳ ಮದುವೆಯಲ್ಲಿ ಹೆತ್ತ ತಾಯಿ ಚಪ್ಪರದ ಹೊರಗೆ ನಿಂತಳು.

ಈಗ ಬರೆದಿದ್ದೀರಿ: ಭಾನುವಾರ ಚಿಕ್ಕವಳ ಮದುವೆಗೆ ಸಭೆಯ ದೊಡ್ಡವರು ಬರುತ್ತಾರೆ, ಹೆಂಡತಿ ಪಕ್ಕದಲ್ಲಿಲ್ಲದಿದ್ದರೆ ಮರ್ಯಾದೆ ಹೋಗುತ್ತದೆ, ಹಿರಿಯರ ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡರೆ ಸೇರಿಸಿಕೊಳ್ಳುತ್ತೇವೆ ಎಂದು.

ನಿನ್ನೆಯೇ, ನೀವಿಲ್ಲದ ಹೊತ್ತಿನಲ್ಲಿ, ಕಟ್ಟೆಮನೆಗೆ ಹೋಗಿ ಬಿದ್ದೆ. ಉಂಡೆ, ತಪ್ಪಾಯಿತು ಅಂದೆ. ಬಿರಿಯಾನಿಯ ಡಬರಿಯನ್ನು ಸೆರಗಿನಲ್ಲಿ ಮುಚ್ಚಿ ಯಾರಿಗೆ ತರುತ್ತಿದ್ದೆ ಎಂಬುದನ್ನೂ ಹೇಳಿದೆ. ಮೂಳೆ ಚೀಪುತ್ತ ನೀವು "ಇನ್ನೊಂದ್ ತುಂಡು ಇಲ್ವೇನೇ?" ಅನ್ನುತ್ತಿದ್ದುದನ್ನೂ ಬಿಡಲಿಲ್ಲ. ಖುರ್ಷೀದಾಳ ಗಂಡ ಇನಾಯತ್ ಉಲ್ಲಾ ಬಂದು ಸಾಕ್ಷಿ ನುಡಿದರು.

ಹಿರಿಯರಲ್ಲಿ ಮುನಿಆಂಜನಪ್ಪ ಮಾವ ಮಾತ್ರ ತಡೆದರು. "ಯಜಮಾನ್ರನ್ನ ಕರೆಸಿ ಒಂದ್ಮಾತು ಕೇಳ್ಬೇಕಲ್ವೇನಮ್ಮ?" ಅಂದರು.

"ನನ್ನನ್ನ ಯಾರಾದ್ರೂ ಕೇಳಿದ್ರಾ ಮಾವ? ಅವ್ರು ಮಾಡಿದ ಕಟ್ಟಳೆ ಅವ್ರಿಗೂ ಇರ್ಲಿ" ಅಂದೆ.

ಹಿರಿಯರು ನನ್ನನ್ನು ಒಳಗೆ ತೆಗೆದುಕೊಂಡರು, ನಿಮ್ಮನ್ನು ಹೊರಗಿಟ್ಟರು. ಮೊದಲ ವೀಳ್ಯ ಮಾವನ ಕೈಗೆ ಹೋಯಿತು. ಧಾರೆಗೆ ಅಣ್ಣ ಅತ್ತಿಗೆ ಕೂರುತ್ತಾರೆ. ನಿಮ್ಮ ಸಭೆಯ ದೊಡ್ಡವರನ್ನು ನಾನೇ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತೇನೆ, ಕೇಳಿದವರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಚಿಕ್ಕವಳು ಅಪ್ಪ ಬೇಕೆಂದು ಅಳುತ್ತಿದ್ದಾಳೆ. ಅಮ್ಮ ಬೇಕೆಂದು ದೊಡ್ಡವಳೂ ಅತ್ತಿದ್ದಳು. ನೀವು ವಾಲಗ ಜೋರಾಗಿ ಊದಿಸಿದಿರಿ. ನಾನೂ ಊದಿಸುತ್ತೇನೆ.

ಇಂತು, ಈಗಲೂ ನಿಮ್ಮ ಹೆಂಡತಿ,
ಆದಿಲಕ್ಷ್ಮಿ

ಮರೆತ ಮಾತು: ಬರುವುದಾದರೆ ಬಾವಿಕಟ್ಟೆಯ ಪಕ್ಕ ನಿಲ್ಲಿ, ಹೊರಗಿಟ್ಟವರ ಜಾಗ ಅದೇ. ಅಲ್ಲಿಂದ ತಾಳಿ ಕಟ್ಟುವುದು ಕಾಣಿಸುವುದಿಲ್ಲ, ವಾಲಗ ಮಾತ್ರ ಕೇಳಿಸುತ್ತದೆ. ಹಸಿದುಕೊಂಡು ಇರಬೇಡಿ. ಖುರ್ಷೀದಾ ನಿಮಗೆಂದು ಡಬರಿ ತುಂಬಿ ಕಳಿಸುತ್ತಾಳೆ. ಈ ಸಲ ಸೆರಗು ಮುಚ್ಚುವುದಿಲ್ಲ.